ಕಾಲಣ್ಣನ ಕೈ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿದರೆ, ಕೃತಕ ಕಾಲುಗಳನ್ನು ಮಾಡುವ ವಿಭಾಗ. ಅಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ದುಡಿಯುತ್ತಿದ್ದವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವನು ಕಾಲಣ್ಣ. ಬೆಳಿಗ್ಗೆ ಎಂಟೂವರೆಗೆ ಅವನ ಸೈಕಲ್ಲು ಗೇಟಿನಲ್ಲಿ ಕಂಡರೆ ಕಾವಲುಗಾರ, "ಕಾಲಣ್ಣ ಬಂದ, ಇನ್ನು ಕಾಲ ಸರಿಯಾಗಿದೆ" ಎಂದು ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತಿದ್ದ.

ಮೊದಲೆಲ್ಲ ಕೆಲಸ ಪೂರ್ತಿ ಕೈಯದೇ. ಮಂಡಿಯ ಕೆಳಗೆ ಉಳಿದ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಹುಯ್ದರೆ ಆ ಕಾಲಿನದೇ ಬಿಳಿ ಪ್ರತಿ ಸಿಗುತ್ತಿತ್ತು. ಅದನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವ ವೈಸಿಗೆ ಕಚ್ಚಿಸಿ ಅರದಿಂದ ತೀಡಬೇಕು. ಭಾರ ತಡೆಯುವ ಮೆತ್ತನೆಯ ಜಾಗದಲ್ಲಿ ಒಂದಿಷ್ಟು ತೆಗೆಯಬೇಕು. ಚರ್ಮದ ಅಡಿಯಲ್ಲೇ ಮೂಳೆ ಇರುವ ಕಡೆ ತೆಗೆಯಬಾರದು, ಬದಲಿಗೆ ತೆಳ್ಳಗೆ ಮೆತ್ತಬೇಕು. ಹೀಗೆ ತಿದ್ದಿದ ಪ್ರತಿಯ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಕಾಲು ಕೂರುವ ಬಟ್ಟಲು ತಯಾರು. ಬಟ್ಟಲು ಕೆಟ್ಟರೆ ಅದರ ಕೆಳಗಿನ ಕಂಬಿ, ಪಾದ ಎಲ್ಲ ಎಷ್ಟು ಚೆಂದವಿದ್ದರೂ ದಂಡ. ಎಲ್ಲಿ ಎಷ್ಟು ತೆಗೆಯಬೇಕು, ಎಲ್ಲಿ ಎಷ್ಟು ಬಿಡಬೇಕು ಎಂಬುದು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಇರಲಿಲ್ಲ. ಅದಿದ್ದದ್ದು ಕಾಲಣ್ಣನ ಬಲಗೈಯ ಹೆಬ್ಬೆರಳಿನಲ್ಲಿ.

ಎರಡು ವರ್ಷದ ಹಿಂದೆ ಸ್ಕ್ಯಾನರ್ ಬಂತು, ಕಂಪ್ಯೂಟರ್ ಬಂತು, ಫೋಮಿನ ದಿಮ್ಮಿಯನ್ನು ತಾನೇ ಕೆತ್ತುವ ಯಂತ್ರ ಬಂತು. ಇವುಗಳ ಜೊತೆ ಒಬ್ಬ ಹುಡುಗಿಯೂ ಬಂದಳು. ಕಾಲಣ್ಣ ಮೊದಲ ದಿನವೇ ಅವಳನ್ನು "ಏನಮ್ಮ ಎಂಜಿನಿಯರಮ್ಮ" ಎಂದು ಕರೆದ. ಅದರಲ್ಲಿ ಅರ್ಧ ಗೌರವ, ಅರ್ಧ ಕುಹಕ. ಬರಬರುತ್ತ ಕುಹಕ ಕರಗಿತು, ಹೆಸರು ಮಾತ್ರ ಅಂಟಿಕೊಂಡಿತು.

ಅವಳ ಸಾಫ್ಟ್‌ವೇರಿನಲ್ಲಿ ಸಾಲುಸಾಲು ಬರೆಯುವ ಗೋಜೇ ಇರಲಿಲ್ಲ. ಪರದೆಯ ತುಂಬ ಪುಟ್ಟ ಪೆಟ್ಟಿಗೆಗಳು, ಒಂದರಿಂದ ಇನ್ನೊಂದಕ್ಕೆ ತಂತಿಗಳು. ಒಂದೊಂದು ಪೆಟ್ಟಿಗೆಗೆ ಒಂದೊಂದು ಕೆಲಸ. ಎಡಗಡೆಯಿಂದ ಕಾಲಿನ ಸ್ಕ್ಯಾನ್ ಒಳಗೆ ಹೋಗಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುತ್ತ, ತಿದ್ದಿಸಿಕೊಳ್ಳುತ್ತ, ಬಲಗಡೆಯಿಂದ ಕೆತ್ತಲು ತಯಾರಾದ ಆಕಾರವಾಗಿ ಹೊರಬರುತ್ತಿತ್ತು. ಸಾಫ್ಟ್‌ವೇರಿನ ಸ್ವಂತ ಪೆಟ್ಟಿಗೆಗಳು ಸಾಲದಾದಾಗ ಹೊರಗಿನಿಂದ ತಂದು ಸೇರಿಸುವುದಕ್ಕೆ ಪ್ಲಗಿನ್ ಎನ್ನುತ್ತಾರೆಂದು ಅವಳೇ ಹೇಳಿಕೊಟ್ಟಿದ್ದಳು. "ಮನೆಗೆ ಬಂದ ಅಳಿಯ ಇದ್ದ ಹಾಗೆ ಕಾಲಣ್ಣ. ಸರಿಯಾದ ಜಾಗದಲ್ಲಿ ಕೂರಿಸಿ ಉಪಚಾರ ಮಾಡಿದ್ರೆ ಸರಿ, ಇಲ್ಲಾಂದ್ರೆ ಮುನಿಸ್ಕೊಂಡು ಮಾತೇ ಆಡಲ್ಲ."

ಮೊದಲ ಆರು ತಿಂಗಳು ಅವಳು ಕಾಲಣ್ಣನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅವನು ಪ್ಲಾಸ್ಟರ್ ತಿದ್ದುವ ಮುಂಚೆ ಒಂದು ಸ್ಕ್ಯಾನ್, ತಿದ್ದಿದ ಮೇಲೆ ಇನ್ನೊಂದು. ಕಲಿಯುವವರು ನೋಡಿಕೊಳ್ಳಲಿ ಎಂದು ಅವನು ಸುಮ್ಮನಿದ್ದ. ಆಮೇಲೆ ಪ್ಲಾಸ್ಟರ್ ತೊಟ್ಟಿಯನ್ನು ಒಡೆದು ಅಲ್ಲಿ ಕೆತ್ತುವ ಯಂತ್ರ ನಿಲ್ಲಿಸಿದರು. ಕಾಲಣ್ಣ ಮೂರು ಗುಂಡಿ ಒತ್ತುವುದನ್ನು ಕಲಿತ. ಮನಸ್ಸಿನಲ್ಲಿ ಮಾತ್ರ, "ಇಪ್ಪತ್ತೇಳು ವರ್ಷ ಕಲಿತದ್ದು ತೊಟ್ಟಿಯ ಜೊತೆ ಹೋಯ್ತು" ಎಂಬ ಸಂಕಟ ಒಂದು ಮೂಲೆಯಲ್ಲಿ ಕೂತೇ ಇತ್ತು.

ಎಂಜಿನಿಯರಮ್ಮ ಹೆರಿಗೆಗೆಂದು ತಾಯಿಯ ಮನೆಗೆ ಹೋಗಿ ಎರಡು ತಿಂಗಳಾಗಿತ್ತು. ಅಂಥ ಹೊತ್ತಿನಲ್ಲೇ, ಒಂದು ಸೋಮವಾರ, ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಇಡೀ ಆಸ್ಪತ್ರೆಯ ಪ್ರಿಂಟರುಗಳನ್ನೂ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವ ರಿಪೇರಿಯವನು ಬಂದು ಹೊಸದೊಂದನ್ನು ಇಟ್ಟ.

ಕಾಲಣ್ಣ ಫೈಲ್ ತೆರೆದ. ಪರದೆಯ ನಡುಭಾಗದ ಮೂರು ಪೆಟ್ಟಿಗೆಗಳು ಕೆಂಪು. ಅವುಗಳಿಗೆ ಬರುತ್ತಿದ್ದ ತಂತಿಗಳೆಲ್ಲ ತುದಿ ಕಾಣದೆ ಜೋತುಬಿದ್ದಿದ್ದವು. "ಈ ಪೆಟ್ಟಿಗೆಗಳ ಪ್ಲಗಿನ್ ಸಿಗುತ್ತಿಲ್ಲ" ಎಂಬ ಅರ್ಥದ ಸಂದೇಶವೊಂದು ಅಡ್ಡ ನಿಂತಿತ್ತು.

"ಎಲ್ಲ ಕಾಪಿ ಮಾಡಿದೀನಿ ಕಾಲಣ್ಣ, ಒಂದು ಸಾಸಿವೆ ಕಾಳೂ ಬಿಟ್ಟಿಲ್ಲ" ಎಂದ ರಿಪೇರಿಯವನು.

"ಮತ್ತೆ ಯಾಕಪ್ಪ ಮುಖ ಕೆಂಪು ಮಾಡ್ಕೊಂಡಿದೆ?"

"ರೀಸ್ಟಾರ್ಟ್ ಮಾಡಿ ನೋಡಿ."

"ಮೂರು ಸಲ ಆಯ್ತು."

"ಹಾಗಿದ್ರೆ ಅದು ನನ್ನ ಕೈಲಿ ಆಗೋದಲ್ಲ. ನನಗೆ ಪ್ರಿಂಟರ್ ಗೊತ್ತು, ನೆಟ್ ಗೊತ್ತು. ಈ ಪೆಟ್ಟಿಗೆ ತಂತಿ ಎಲ್ಲ ಆ ಮೇಡಂದೇ" ಎಂದವನೇ ಅವನು ಜಾರಿಕೊಂಡ.

ಗುರುವಾರ ಅಂಚೆಯಮ್ಮ ಬರುವವಳಿದ್ದಳು. ಅದೇ ಕಾಲಣ್ಣನ ಚಿಂತೆ. ಹನ್ನೊಂದು ವರ್ಷದ ಹಿಂದೆ ಲಾರಿ ತಾಗಿ ಮಂಡಿಯ ಕೆಳಗೆ ಬಲಗಾಲು ಕಳೆದುಕೊಂಡ ಆಕೆ, ಕೃತಕ ಕಾಲು ಕಟ್ಟಿಕೊಂಡೇ ಮತ್ತೆ ಕೆಲಸಕ್ಕೆ ಹೋಗಿ ದಿನಕ್ಕೆ ಏಳೆಂಟು ಬೀದಿ ಸುತ್ತಿ ಪತ್ರ ಹಂಚುತ್ತಿದ್ದಳು. ಈಗಿದ್ದ ಬಟ್ಟಲು ಸೀಳು ಬಿಟ್ಟಿತ್ತು. ಅದಕ್ಕೆ ಟೇಪು ಸುತ್ತಿಕೊಂಡು ನಡೆಯುತ್ತಿದ್ದಳು. ಸ್ಕ್ಯಾನ್ ಆಗಿತ್ತು, ದಿಮ್ಮಿ ತಯಾರಿತ್ತು. ನಡುವಿನ ಮೂರು ಪೆಟ್ಟಿಗೆಗಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಕಾಲಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋಲ್ಡರುಗಳನ್ನು ಒಂದೊಂದಾಗಿ ತೆರೆದ. ಹಳೆಯ ಕಂಪ್ಯೂಟರಿನಿಂದ ಬಂದದ್ದೆಲ್ಲ 'ಹಳೇದು' ಎಂಬ ಒಂದೇ ಫೋಲ್ಡರಿನಲ್ಲಿ ಸಂತೆಯಂತೆ ರಾಶಿ ಬಿದ್ದಿತ್ತು. ಅದರೊಳಗೆ ಒಂದು ಕಡೆ ಪ್ಲಗಿನ್ ಫೈಲ್ ಸಿಕ್ಕಿತು. ಅಳಿಯನನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು ಎಂದಿದ್ದಳಲ್ಲ ಎಂದು, ಸಾಫ್ಟ್‌ವೇರ್ ಪ್ಲಗಿನ್‌ಗಳನ್ನು ಹುಡುಕುವ ಫೋಲ್ಡರ್ ಯಾವುದೆಂದು ಅದರ ಮೆನುವಿನಲ್ಲೇ ಪತ್ತೆ ಮಾಡಿ, ಫೈಲನ್ನು ಅಲ್ಲಿಗೆ ಒಯ್ದು ಹಾಕಿದ. ಮುಚ್ಚಿದ, ತೆರೆದ. ಕೆಂಪು ಹಾಗೇ ಇತ್ತು.

ಬಾಣಂತಿಗೆ ತೊಂದರೆ ಕೊಡಬಾರದೆಂದು ಸೋಮವಾರ ಪೂರ್ತಿ ತಡೆದ. ಮಂಗಳವಾರ ಬೆಳಿಗ್ಗೆ ತಡೆಯಲಾಗಲಿಲ್ಲ.

"ಎಂಜಿನಿಯರಮ್ಮ, ಹೇಗಿದೀಯಮ್ಮ? ಕೂಸು ಹೇಗಿದೆ?"

"ಕೂಸು ಚೆನ್ನಾಗಿದೆ ಕಾಲಣ್ಣ. ನಾನೇ ನಿದ್ದೆ ಕಂಡು ಎಷ್ಟು ದಿನ ಆಯ್ತೋ. ನೀವು ಸುಮ್ನೆ ಫೋನ್ ಮಾಡೋರಲ್ಲ, ಏನಾಯ್ತು ಹೇಳಿ."

ಅವನು ಹೇಳಿದ. ಆ ಕಡೆಯಿಂದ ಮಗುವಿನ ಅಳು, ಅದನ್ನು ಯಾರೋ ಎತ್ತಿಕೊಂಡ ಸದ್ದು, ಆಮೇಲೆ ಅವಳ ದನಿ. "ಫೈಲ್ ಸರಿಯಾದ ಜಾಗದಲ್ಲಿದೆ ಅಂದ್ರೆ ಕಂಪ್ಯೂಟರೇ ತಡೀತಾ ಇರ್ಬೇಕು. ಬೇರೆ ಕಡೆಯಿಂದ ಬಂದ ಫೈಲ್ ಅಲ್ವಾ, ಅದಕ್ಕೆ ಅನುಮಾನ. ಆ ಫೈಲ್ ಮೇಲೆ ಬಲಗಡೆ ಗುಂಡಿ ಒತ್ತಿ, ಪ್ರಾಪರ್ಟೀಸ್ ಅಂತ ಬರುತ್ತೆ. ಅದನ್ನ ತೆರೆದ್ರೆ ಕೆಳಗಡೆ, ಅಡಿಯಲ್ಲಿ, ಅನ್‌ಬ್ಲಾಕ್ ಅಂತ ಪುಟ್ಟ ಚೌಕ ಇದೆಯಾ?"

"ಇದೆ. ಇಷ್ಟು ಸಣ್ಣದಾಗಿ ಯಾರಿಗೆ ಕಾಣಬೇಕು ಅಂತ ಇಟ್ಟಿದಾರೋ."

"ಅದಕ್ಕೊಂದು ಟಿಕ್ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆಗೀರಿ. ಅಯ್ಯೋ, ಮತ್ತೆ ಶುರು ಮಾಡಿತು. ಆಮೇಲೆ ಮಾಡ್ತೀನಿ ಕಾಲಣ್ಣ." ಫೋನು ಇಟ್ಟಳು.

ಟಿಕ್ ಹಾಕಿ ಮುಚ್ಚಿ ತೆರೆದ. ಕೆಂಪು ಹೋಗಿತ್ತು! ತಂತಿಗಳು ಹೋಗಿ ತಮ್ಮ ತಮ್ಮ ಜಾಗಕ್ಕೆ ಸೇರಿಕೊಂಡಿದ್ದವು. ಕಾಲಣ್ಣನಿಗೆ ಒಬ್ಬನೇ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಇದುವರೆಗೆ ಎಂದೂ ಹತ್ತಿರದಿಂದ ನೋಡದ ಆ ಮೂರು ಪೆಟ್ಟಿಗೆಗಳನ್ನು ದೊಡ್ಡದು ಮಾಡಿ ನೋಡಿದ. ನಡುವಿನದರ ಮೇಲೆ ಬರೆದಿತ್ತು: ಕಾಲಣ್ಣನ ಕೈ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅದೇ ಇತ್ತು. ಪೆಟ್ಟಿಗೆಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಾಗ ಚಿಕ್ಕ ವಿವರಣೆ ತೆರೆದುಕೊಂಡಿತು. 'ಅರವತ್ತೆರಡು ಪ್ಲಾಸ್ಟರ್ ಪ್ರತಿಗಳಲ್ಲಿ ಕಾಲಣ್ಣ ಎಲ್ಲಿ ಎಷ್ಟು ತೆಗೆದರು, ಎಲ್ಲಿ ಎಷ್ಟು ಮೆತ್ತಿದರು ಎಂಬ ಅಳತೆಯಿಂದ ಮಾಡಿದ್ದು.'

ಹಾಗಾದರೆ ಈ ಒಂದೂವರೆ ವರ್ಷ ಯಂತ್ರ ಕೆತ್ತಿದ್ದೆಲ್ಲ ತನ್ನದೇ ಕೈಯೇ? ತೊಟ್ಟಿಯ ಜೊತೆ ಹೋಯಿತೆಂದು ಕೊರಗಿದ್ದು ಇಲ್ಲಿ ಕೂತಿತ್ತು. ಕೇಳದೆ ತೆಗೆದುಕೊಂಡಳಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ, ಕೇಳಿದ್ದರೆ ತಾನು ಏನೆನ್ನುತ್ತಿದ್ದೆ, ಹೆಬ್ಬೆರಳನ್ನು ಕೊಯ್ದು ಕೊಡಲಾಗುತ್ತದೆಯೇ ಎಂದು ನಗುತ್ತಿದ್ದೆ ಅಷ್ಟೇ ಎಂದುಕೊಂಡ. ಊಟದ ಹೊತ್ತಿಗೆ ನೆಲ ಒರೆಸುವ ಅಕ್ಕನನ್ನೂ ಕಾವಲುಗಾರನನ್ನೂ ಕರೆತಂದು ಆ ಪೆಟ್ಟಿಗೆಯನ್ನು ತೋರಿಸಿದ. ಮುಖ ಇಷ್ಟಗಲವಾಗಿತ್ತು.

"ನಿನ್ನ ಹೆಸರು ಸರಿ, ಆದ್ರೆ ಪಕ್ಕದಲ್ಲಿ ಹಳದಿ ಯಾಕಿದೆ?" ಎಂದಳು ಒರೆಸುವ ಅಕ್ಕ.

ಆಗಲೇ ಅವನು ಅದನ್ನು ಗಮನಿಸಿದ್ದು. ಪೆಟ್ಟಿಗೆಯ ಅಂಚಿನಲ್ಲಿ ಹಳದಿ ಎಚ್ಚರಿಕೆಯ ಗುರುತು. ಉಳಿದ ತಂತಿಗಳೆಲ್ಲ ಸೇರಿಕೊಂಡಿದ್ದರೂ ಒಂದು ಮಾತ್ರ ಪೆಟ್ಟಿಗೆಯ ಹತ್ತಿರದ ತನಕ ಬಂದು, ಸೇರಲು ತೂತಿಲ್ಲದೆ ನಿಂತಿತ್ತು. ಆ ತಂತಿಯ ಜಾಡು ಹಿಡಿದು ಹಿಂದಕ್ಕೆ ಹೋದ. ಅದು ಹೊರಡುವ ಕಡೆ ಬರೆದಿತ್ತು: ಬಲವೋ ಎಡವೋ.

ಕಾಲಣ್ಣ ತಲೆ ಕೆರೆದುಕೊಂಡ. ಪೆಟ್ಟಿಗೆಗೆ ಬಲ ಎಡ ಯಾಕೆ ಗೊತ್ತಾಗಬೇಕು? ಬಲಗಾಲೆಂದರೆ ಎಡಗಾಲನ್ನು ಕನ್ನಡಿಯಲ್ಲಿ ನೋಡಿದ ಹಾಗೆ, ಅಷ್ಟೇ ತಾನೆ? ಅವನು ಎರಡಕ್ಕೂ ಒಂದೇ ಥರ ಕೆಲಸ ಮಾಡುವವನು.

ಸಂಜೆ ನಾಲ್ಕಕ್ಕೆ ಎಂಜಿನಿಯರಮ್ಮನ ಫೋನು ಬಂತು. ಅವನು ಹಳದಿ ಗುರುತಿನ ಮಾತು ಹೇಳಿದ.

"ನಿಮಗೆ ಸಿಕ್ಕಿದ್ದು ಹಳೇ ವರ್ಷನ್ ಕಾಲಣ್ಣ. ಎರಡಕ್ಕೂ ಒಂದೇ ಹೆಸರು. ಫೈಲನ್ನ ನಾನು ಹೋಗೋ ಮುಂಚೆ ಎರಡನೇದಕ್ಕೆ ಹೊಂದಿಸಿದ್ದೆ, ಅದಕ್ಕೇ ಒಂದು ತಂತಿ ಜಾಸ್ತಿ ಇದೆ. ಹಳೇದನ್ನ ಅಲ್ಲಿಂದ ತೆಗೆದುಬಿಡಿ. ಎರಡೂ ಇದ್ರೆ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದನ್ನೇ ಎತ್ಕೊಳ್ಳುತ್ತೆ ಅದು. ಹೊಸದು ನನ್ನ ಹೆಸರಿನ ಫೋಲ್ಡರಲ್ಲಿದೆ, ಅದನ್ನ ಹಾಕಿ. ಅದಕ್ಕೂ ಅನ್‌ಬ್ಲಾಕ್ ಮಾಡಿ. ಅಷ್ಟೇ."

"ಎರಡನೇದರಲ್ಲಿ ಏನಮ್ಮ ಬೇರೆ?"

"ಅದು... ಸಣ್ಣಪುಟ್ಟದ್ದು. ಹಾಕಿ ನೋಡಿ, ಸರಿಹೋಗುತ್ತೆ" ಎಂದಳು. ಯಾವತ್ತೂ ಎಳೆಎಳೆಯಾಗಿ ಬಿಡಿಸಿ ಹೇಳುವವಳು ಇವತ್ತು ಮಾತನ್ನು ಮೊಟಕು ಮಾಡಿದ್ದು ಕಾಲಣ್ಣನ ಕಿವಿಗೆ ಚುಚ್ಚಿತು.

ಅವಳ ಫೋಲ್ಡರ್ ತೆರೆದಾಗ ಹೊಸ ಪ್ಲಗಿನ್ ಸಿಕ್ಕಿತು. ಪಕ್ಕದಲ್ಲೇ ಒಂದು ಟಿಪ್ಪಣಿಯ ಫೈಲ್. ಬೇರೆಯವರ ಕಾಗದ ಓದಬಾರದೆಂದು ಗೊತ್ತಿತ್ತು, ಆದರೂ ತೆರೆದ.

'ಎರಡನೇ ವರ್ಷನ್. ಬದಲಾವಣೆ ಒಂದೇ: ಮಂಡಿಯ ಕೆಳಗೆ ಹೊರಬದಿಯ ಗಂಟುಮೂಳೆ. ಎಡಗಾಲಿನ ಪ್ರತಿಗಳಲ್ಲಿ ಕಾಲಣ್ಣ ಅಲ್ಲಿ ಸರಿಯಾಗಿ ಮೂರು ಮಿಲಿಮೀಟರ್ ಮೆತ್ತಿ ಉಳಿಸುತ್ತಾರೆ. ಬಲಗಾಲಿನವುಗಳಲ್ಲಿ ಮೆತ್ತಿದ್ದನ್ನು ನುಣುಪು ಮಾಡುವಾಗ ಅದರಲ್ಲಿ ಎರಡು ಮಿಲಿಮೀಟರ್ ಹೊರಟುಹೋಗುತ್ತದೆ. ಅವರು ಯಾವಾಗಲೂ ವೈಸಿನ ಎಡಕ್ಕೆ ನಿಲ್ಲುತ್ತಾರೆ. ಬಲಗಾಲಿನ ಹೊರಬದಿ ಅವರಿಗೆ ಆಚೆ ಬದಿಯಾಗುತ್ತದೆ, ಕಣ್ಣಿಗೆ ಮರೆ. ಹೊರಬದಿ ಉಜ್ಜುತ್ತದೆಂದು ವಾಪಸು ಬಂದವರು ರಿಜಿಸ್ಟರಿನಲ್ಲಿ ಹದಿನಾಲ್ಕು ಜನ. ಅದರಲ್ಲಿ ಬಲಗಾಲಿನವರು ಹನ್ನೆರಡು. ಮೊದಲನೇ ವರ್ಷನ್ ಈ ತಪ್ಪನ್ನೂ ಕಲಿತಿದೆ. ಬಳಸಬೇಡಿ.'

ಕಾಲಣ್ಣ ಟಿಪ್ಪಣಿ ಮುಚ್ಚಿದ. ಮೊದಲು ಬಂದದ್ದು ಸಿಟ್ಟು. ನಿನ್ನೆ ಮೊನ್ನೆ ಬಂದವಳು, ಅರ ಹಿಡಿದು ಗೊತ್ತಿಲ್ಲದವಳು! ಎದ್ದವನೇ ನೇರವಾಗಿ ಉಗ್ರಾಣಕ್ಕೆ ನಡೆದ. ಅಲ್ಲಿ ಹಳೆಯ ವೈಸು ಮೂಲೆಯಲ್ಲಿತ್ತು, ಕಪಾಟಿನ ಮೇಲೆ ಮಾದರಿಗೆಂದು ಇಟ್ಟ ಏಳೆಂಟು ಬಿಳಿ ಪ್ರತಿಗಳಿದ್ದವು. ಬಲಗಾಲಿನದೊಂದನ್ನು ಕಚ್ಚಿಸಿ, ಅರ ಹಿಡಿದು, ಎಂದಿನಂತೆ ನಿಂತ. ಕಾಲುಗಳು ತಾವಾಗಿಯೇ ವೈಸಿನ ಎಡಕ್ಕೆ ಹೋಗಿ ನಿಂತಿದ್ದವು. ಅಲ್ಲಿಂದ ಕೈ ಚಾಚಿ ಆಚೆ ಬದಿಯನ್ನು ತೀಡಿದ. ಒಂದು, ಎರಡು, ಮೂರು. ಕೊನೆಯ ಎಳೆತದಲ್ಲಿ ಮಣಿಕಟ್ಟು ಕೂದಲೆಳೆಯಷ್ಟು ಒಳಕ್ಕೆ ವಾಲಿತು. ಇನ್ನೊಮ್ಮೆ ಮಾಡಿದ, ಮತ್ತೆ ವಾಲಿತು. ಅದು ವಾಲುವುದು ಅವನಿಗೆ ಕಾಣುತ್ತಿರಲಿಲ್ಲ. ಇವತ್ತು ಹುಡುಕಿದ್ದಕ್ಕೆ ಗೊತ್ತಾಯಿತು.

ಆಮೇಲೆ ರಿಜಿಸ್ಟರ್ ತೆಗೆದ. ಬರಹ ಅವನದೇ. 'ಬಲಗಾಲು. ಹೊರಬದಿ ನೋವು ಎನ್ನುತ್ತಾರೆ. ಕಾಲಿಗೆ ಅಭ್ಯಾಸವಾಗಬೇಕು, ಹದಿನೈದು ದಿನ ಬಿಟ್ಟು ಬರಲು ಹೇಳಿದೆ.' ಪುಟ ತಿರುವಿದ. 'ಬಲಗಾಲು. ಅಭ್ಯಾಸವಾಗಬೇಕು.' ಮತ್ತೆ ತಿರುವಿದ. ಅಂಚೆಯಮ್ಮನ ಹೆಸರಿನ ಎದುರು ಅದೇ ಮಾತು ನಾಲ್ಕು ಸಲ ಇತ್ತು. ಐದನೆಯ ಸಲಕ್ಕೆ ಆಕೆ ಹೇಳುವುದನ್ನೇ ಬಿಟ್ಟಿದ್ದಳು. ನೋವು ಕಡಿಮೆಯಾಯಿತು, ಅದಕ್ಕೇ ಸುಮ್ಮನಾದಳು ಎಂದು ಅವನು ತಿಳಿದುಕೊಂಡಿದ್ದ.

ಮರುದಿನ ಬೆಳಿಗ್ಗೆ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತವನನ್ನು ಹೆಂಡತಿ ನೋಡಿದಳು. ಆಕೆ ಮನೆಯಲ್ಲೇ ಬಟ್ಟೆ ಹೊಲಿದುಕೊಡುವವಳು; ಬಾಯಲ್ಲಿ ಸದಾ ಒಂದು ಗುಂಡುಸೂಜಿ.

"ಏನಾಯ್ತು ನಿಮಗೆ? ರಾತ್ರಿನೂ ಮಾತಿಲ್ಲ."

ಹೇಳಿದ. ಆಕೆ ಗುಂಡುಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು. "ತೋಳು ಬಿಗಿ ಅಂತ ಯಾರಾದ್ರೂ ವಾಪಸು ತಂದ್ರೆ, ನಿಮ್ಮ ತೋಳಿಗೆ ಅಭ್ಯಾಸ ಆಗ್ಬೇಕು ಅಂತ ನಾನು ಹೇಳಿದ್ರೆ ಹೇಗಿರುತ್ತೆ?"

"ಗಾಯಕ್ಕೆ ಉಪ್ಪು ಹಾಕ್ಬೇಡ ಮಾರಾಯ್ತಿ."

"ಉಪ್ಪಲ್ಲ, ಇದ್ದದ್ದು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂತಾಳಂತೆ. ನೀವು ಕುಣಿಯೋಕೆ ಬರುವವರೇ, ಆದ್ರೂ ನೆಲಕ್ಕೆ ಬೈದ್ರಿ." ಸ್ವಲ್ಪ ತಡೆದು ಮೆತ್ತಗೆ ಸೇರಿಸಿದಳು: "ನಾನೂ ಎಷ್ಟು ಜನರಿಗೆ ನೀವೇ ದಪ್ಪ ಆಗಿದೀರಿ ಅಂದಿದೀನೋ. ತಿಂಡಿ ತಿನ್ನಿ ಈಗ, ತಣ್ಣಗಾಗುತ್ತೆ."

ಬುಧವಾರ ವಿಭಾಗಕ್ಕೆ ಹೋದವನು ಮೊದಲು ಫೋನು ಮಾಡಿದ.

"ಟಿಪ್ಪಣಿ ಓದಿದೆ ಕಣಮ್ಮ" ಎಂದ.

"ಅದನ್ನ ಅಲ್ಲಿಡಬಾರದಿತ್ತು" ಎಂದಳು ಅವಳು.

"ಯಾಕೆ ಹೇಳ್ಲಿಲ್ಲ ನನಗೆ?"

"ಎರಡು ಸಲ ಹೇಳೋಕೆ ಬಂದೆ ಕಾಲಣ್ಣ. ಒಂದು ಸಲ ನೀವು, ಯಂತ್ರ ಬಂದ್ಮೇಲೆ ನನ್ನ ಕೈಗೆ ಬೆಲೆ ಇಲ್ಲ ಅಂತ ಬೇಜಾರಲ್ಲಿ ಕೂತಿದ್ರಿ. ಇನ್ನೊಂದು ಸಲ ನನಗೇ ಧೈರ್ಯ ಬರ್ಲಿಲ್ಲ. ನನಗೆ ಈ ವಿದ್ಯೆ ಕಲಿಸಿದವರೇ ನೀವು. ಪೆಟ್ಟಿಗೆ ಒಳಗೇ ಸರಿ ಮಾಡಿಬಿಟ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ."

"ಇನ್ಮುಂದೆ ಬರೋರಿಗೆ ನೋವಾಗಲ್ಲ, ಸರಿ. ಆಗಲೇ ಕಟ್ಕೊಂಡು ನಡೀತಿರೋರು? ಅವರಿಗೆ ಯಾರು ಹೇಳ್ಬೇಕು?"

ಹಿಂದೆ ಮಗು ಒಂದೇ ಸಮನೆ ಏನೋ ಗುನುಗುತ್ತಿತ್ತು. ಅವಳೆಂದಳು: "ಅದನ್ನ ಯೋಚಿಸಿರಲಿಲ್ಲ. ತಪ್ಪಾಯ್ತು."

"ನಿಂದು ಒಂದು ತೂಕ, ನಂದು ಹತ್ತು ತೂಕ. ಬಿಡು. ಈಗ ಫೋನಲ್ಲೇ ಇರು, ಎರಡನೇದನ್ನ ಹಾಕ್ತೀನಿ."

ಹಳೆಯ ಪ್ಲಗಿನ್ ಅನ್ನು ಫೋಲ್ಡರಿನಿಂದ ತೆಗೆದ. ಹೊಸದನ್ನು ಹಾಕಿದ, ಪ್ರಾಪರ್ಟೀಸಿಗೆ ಹೋಗಿ ಟಿಕ್ ಹಾಕಿದ, ಮುಚ್ಚಿ ತೆರೆದ. ಆದರೂ ಹಳದಿ ಹೋಗಲಿಲ್ಲ. ಅವಳ ಮಾತಿನಂತೆ ಇಡೀ ಕಂಪ್ಯೂಟರಿನಲ್ಲಿ ಆ ಹೆಸರನ್ನು ಹುಡುಕಿದಾಗ ಇನ್ನೊಂದು ಹಳೆಯ ಪ್ರತಿ ಬೇರೊಂದು ಮೂಲೆಯಲ್ಲಿ ಅವಿತು ಕೂತಿತ್ತು. ಸಾಸಿವೆ ಕಾಳೂ ಬಿಡದ ರಿಪೇರಿಯವನ ಕೆಲಸ. ಅದನ್ನೂ ತೆಗೆದು ತೆರೆದಾಗ ಒಂಟಿ ತಂತಿಗೆ ಜಾಗ ಸಿಕ್ಕಿತ್ತು. ಕಾಲಣ್ಣ 'ಬಲ' ಎಂದು ಆರಿಸಿದ. ಹೊರಬದಿಯಲ್ಲಿ ಒಂದು ಸಣ್ಣ ಉಬ್ಬು ಮೆಲ್ಲಗೆ ಎದ್ದು ನಿಂತಿತು. ಎರಡು ಮಿಲಿಮೀಟರ್, ಉಗುರಿನ ಅಂಚಿಗಿಂತ ತುಸು ಹೆಚ್ಚು.

"ಪೆಟ್ಟಿಗೆ ಹೆಸರು ಬದಲಾಯಿಸ್ಲಾ ಕಾಲಣ್ಣ?" ಅವಳು ಕೇಳಿದಳು.

ಅವನು ಪರದೆಯನ್ನೇ ನೋಡುತ್ತಿದ್ದ. "ಬೇಡ, ಇರಲಿ. ಆದ್ರೆ ವಿವರಣೆಯಲ್ಲಿ ಈ ತಪ್ಪನ್ನೂ ಬರಿ. ನಾಳೆ ನಾನೂ ಇರಲ್ಲ, ನೀನೂ ಇರಲ್ಲ. ಯಾರೋ ತೆರೆದು ನೋಡಿದಾಗ, ಕೈ ಅಂದ್ರೆ ತಪ್ಪೇ ಮಾಡದ್ದು ಅಂದ್ಕೋಬಾರದು."

ಯಂತ್ರ ಎರಡು ಗಂಟೆ ಕೆತ್ತಿತು. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಎಳೆದು ಪರೀಕ್ಷೆಯ ಬಟ್ಟಲು ಮಾಡಿ, ಅದಕ್ಕೆ ಕಂಬಿ, ಪಾದ ಜೋಡಿಸಿಟ್ಟು ಕಾಲಣ್ಣ ಮನೆಗೆ ಹೋದ.

ಗುರುವಾರ ಹತ್ತಕ್ಕೆ ಅಂಚೆಯಮ್ಮ ಬಂದಳು. ಚೀಲವನ್ನು ಗೋಡೆಗೆ ಆನಿಸಿ, ಹಳೆಯ ಕಾಲನ್ನು ಬಿಚ್ಚಿದಳು. ಅದರೊಳಗಿನಿಂದ ಮಡಿಸಿದ ಬಟ್ಟೆಯ ಚೂರೊಂದು ಕೆಳಗೆ ಬಿತ್ತು. ಕಾಲಣ್ಣ ಬಗ್ಗಿ ಎತ್ತಿಕೊಂಡ. ನಡುವೆ ರೂಪಾಯಿ ನಾಣ್ಯದಗಲ ತೂತು ಕತ್ತರಿಸಿದ್ದ ಬಟ್ಟೆ. ಗಂಟುಮೂಳೆಗೆ ಒತ್ತಡ ಬೀಳದಿರಲೆಂದು ಆಕೆ ತಾನೇ ಮಾಡಿಕೊಂಡ ಉಪಾಯ.

"ಇದು ಯಾವಾಗಿಂದ?"

"ಯಾವುದು, ಆ ಬಟ್ಟೆಯಾ? ಮೊದಲಿಂದಾನೂ ಇದೆ" ಎಂದಳು ಆಕೆ, ಅದರಲ್ಲೇನು ಎಂಬಂತೆ.

"ಇವತ್ತು ಅದಿಲ್ದೆ ಹಾಕಿ ನೋಡಿ."

ಆಕೆ ಹೊಸ ಬಟ್ಟಲಿನೊಳಗೆ ಕಾಲಿಳಿಸಿ ಎದ್ದು ನಿಂತಳು. ನಡೆದು ನೋಡಲೆಂದು ನಿಲ್ಲಿಸಿದ್ದ ಎರಡು ಆಸರೆ ಕಂಬಿಗಳನ್ನು ಹಿಡಿದುಕೊಂಡು ನಾಲ್ಕು ಹೆಜ್ಜೆ ಇಟ್ಟಳು. ನಿಂತಳು. ಕಂಬಿಯಿಂದ ಕೈ ಬಿಟ್ಟು ಇನ್ನಾರು ಹೆಜ್ಜೆ ಹಾಕಿ, ತಿರುಗಿ ಬಂದಳು. ಮುಖದಲ್ಲಿ ಏನನ್ನೋ ಕಳೆದುಕೊಂಡು ಹುಡುಕುವವರ ಗೊಂದಲ.

"ಏನೋ ಇಲ್ಲ ಇದರಲ್ಲಿ" ಎಂದಳು.

ಕಾಲಣ್ಣ ಸ್ಟೂಲಿನ ಮೇಲೆ ಕೂತ. ನಿಂತು ಹೇಳುವ ಮಾತಾಗಿರಲಿಲ್ಲ ಅದು. "ನೀವು ಹೇಳ್ತಿದ್ದ ನೋವು ಇಲ್ಲ. ಅದು ನಿಮ್ಮ ಕಾಲಿಂದ ಬಂದದ್ದಾಗಿರಲಿಲ್ಲ, ನನ್ನ ಕೈಯಿಂದ ಬಂದದ್ದು. ನಾನು ಬಲಗಾಲುಗಳಿಗೆಲ್ಲ ಆ ಜಾಗದಲ್ಲಿ ಹೆಚ್ಚು ತೀಡಿಬಿಡ್ತಿದ್ದೆ. ನನಗೆ ಮೊನ್ನೆವರೆಗೂ ಗೊತ್ತಿರಲಿಲ್ಲ. ನೀವು ಹೇಳಿದಾಗ ಕೇಳಿಸ್ಕೊಂಡಿದ್ರೆ ಗೊತ್ತಾಗ್ತಿತ್ತು."

ಅಂಚೆಯಮ್ಮ ಕಂಬಿ ಹಿಡಿದು ಹಾಗೇ ನಿಂತಳು. ಹೊರಗೆ ಬಟ್ಟೆ ಒಗೆಯುವ ಯಂತ್ರ ಗಡಗಡ ಎನ್ನುತ್ತಿತ್ತು.

"ಹನ್ನೊಂದು ವರ್ಷ" ಎಂದಳು. ಆ ದನಿಯಲ್ಲಿ ಕೂಗಾಟವಿರಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು. "ಕಾಲಿಗೆ ಅಭ್ಯಾಸ ಆಗ್ಬೇಕು ಅಂದ್ರಿ ನೀವು. ಅದನ್ನ ನಂಬ್ಕೊಂಡು ನನ್ನ ಕಾಲನ್ನೇ ಬೈತಿದ್ದೆ. ಎಲ್ಲರ ಕಾಲೂ ಒಗ್ಗಿಕೊಳ್ಳುತ್ತೆ, ನಿನಗೇನು ಧಾಡಿ ಅಂತ. ನಮ್ಮ ಮಗಳು ಚಿಕ್ಕವಳಿದ್ದಾಗ ಓಡಿ ಬಂದು ಅಪ್ಪಿಕೊಂಡ್ರೆ ಸಿಡಿಮಿಡಿ ಅಂತಿದ್ದೆ, ಆ ಕಡೆ ತಾಗಿಬಿಡುತ್ತೆ ಅಂತ."

ಕ್ಷಮಿಸಿ ಎಂದ ಕಾಲಣ್ಣ, ಆ ಮಾತು ತನಗೇ ಪುಟ್ಟದಾಗಿ ಕೇಳಿಸಿತು.

ಆಕೆ ಮತ್ತೆ ಕೋಣೆಯ ಉದ್ದಕ್ಕೂ ನಡೆದು ಬಂದಳು. ಒಮ್ಮೆ ಅಲ್ಲ, ಮೂರು ಸಲ. ಕೊನೆಯ ಸಲ ಕಿಟಕಿಯ ಹತ್ತಿರ ನಿಂತು ಬೆನ್ನು ತಿರುಗಿಸಿಯೇ ಕೇಳಿದಳು: "ನನ್ನ ಥರದವರು ಇನ್ನೂ ಇದಾರಲ್ಲ? ಅವರಿಗೆ ಹೇಳಿದೀರಾ?"

"ಪತ್ರ ಬರೀಬೇಕು ಅಂತಿದೀನಿ. ಹತ್ತು ವರ್ಷದ ಬಲಗಾಲುಗಳು, ನಲವತ್ತಮೂರು ಜನ. ಯಂತ್ರ ಮಾಡಿದ್ದೂ ಸೇರಿ."

"ಬರೀರಿ" ಎಂದಳು ಆಕೆ. "ವಿಳಾಸ ನನಗೆ ತೋರಿಸಿ. ಜನ ಮನೆ ಬದಲಾಯಿಸ್ತಾರೆ, ನಿಮ್ಮ ರಿಜಿಸ್ಟರಿಗೆ ಅದು ಗೊತ್ತಾಗಲ್ಲ."

ದೊಡ್ಡ ಡಾಕ್ಟರರು ಪತ್ರದ ಕರಡನ್ನು ಎರಡು ಸಲ ಓದಿದರು. "ಇಷ್ಟು ನೇರವಾಗಿ ಬರೆದ್ರೆ ಜನ ಏನು ತಿಳ್ಕೊಳ್ತಾರೆ?" ಎಂದರು.

"ಇದ್ದದ್ದನ್ನ ತಿಳ್ಕೊಳ್ತಾರೆ ಸಾರ್" ಎಂದ ಕಾಲಣ್ಣ. ಡಾಕ್ಟರರು ಒಂದು ಪದವನ್ನು ಹೊಡೆದುಹಾಕಿ, ಮತ್ತೆ ಅದನ್ನೇ ಬರೆದು ಸಹಿ ಹಾಕಿದರು.

ಶನಿವಾರ ಕೆಲಸ ಮುಗಿಸಿ ಅಂಚೆಯಮ್ಮ ಬಂದಳು. ಇಬ್ಬರೂ ಮೇಜಿನ ಎರಡು ಕಡೆ ಕೂತು ಲಕೋಟೆಗಳನ್ನು ಒಂದೊಂದಾಗಿ ನೋಡಿದರು. ಆಕೆ ಇನ್ನೂ ಅವನ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. "ಇವರು ಮಗನ ಮನೆಗೆ ಹೋದ್ರು, ಹೊಸ ವಿಳಾಸ ಬರ್ಕೊಳ್ಳಿ. ಈ ಬೀದಿಗೆ ಈಗ ನಂಬರು ಬೇರೆ." ಒಂದು ಲಕೋಟೆ ಕೈಗೆ ಬಂದಾಗ ಅದನ್ನು ಸ್ವಲ್ಪ ಹೊತ್ತು ಹಿಡಿದು, ಪಕ್ಕಕ್ಕಿಟ್ಟಳು.

"ಇವರಿಗೆ ಬೇಡ. ಹೋದ ವರ್ಷ ತೀರಿಕೊಂಡ್ರು."

ಕಾಲಣ್ಣ ಆ ಹೆಸರನ್ನು ನೋಡಿದ. ಸಂಗೀತ ಹೇಳಿಕೊಡುತ್ತಿದ್ದ ಮೇಷ್ಟರು. ರಿಜಿಸ್ಟರಿನಲ್ಲಿ ಮೂರು ಸಲ ಬಂದಿದ್ದರು. ಮೂರು ಸಲವೂ ನಗುತ್ತಲೇ, "ಸರಿ ಬಿಡಿ, ಅಭ್ಯಾಸ ಮಾಡ್ಕೊಳ್ತೀನಿ" ಎಂದು ಹೋಗಿದ್ದರು. ಆ ಲಕೋಟೆಯನ್ನು ಹರಿಯಲು ಮನಸ್ಸು ಬರಲಿಲ್ಲ. ಮೇಜಿನ ಖಾನೆಯೊಳಗೆ ಇಟ್ಟ.

ಮುಂದಿನ ವಾರ ಯಾರೂ ಬರಲಿಲ್ಲ. ಅದರ ಮುಂದಿನ ಮಂಗಳವಾರ, ಗೋಡೆಗಳಿಗೆ ಬಣ್ಣ ಹೊಡೆಯುವ ಒಬ್ಬ ಮುದುಕ, ಅಂಗಿಯ ತುಂಬ ನೀಲಿ ಚುಕ್ಕೆ ಹೊತ್ತುಕೊಂಡು, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ. "ಇದರಲ್ಲಿ ಬರೆದದ್ದು ನಿಜವಾ? ಓದಿ ಹೇಳಿದ ನನ್ನ ಮೊಮ್ಮಗಳು ಏನೋ ತಪ್ಪು ಓದಿದಾಳೆ ಅಂದ್ಕೊಂಡೆ" ಎಂದ.

"ಸರಿಯಾಗೇ ಓದಿದಾಳೆ. ಬನ್ನಿ, ಕೂತ್ಕೊಳ್ಳಿ ಅಣ್ಣ" ಎಂದು ಕಾಲಣ್ಣ ಕುರ್ಚಿ ಎಳೆದ. ಮುದುಕ ಪಟ್ಟಿ ಬಿಚ್ಚಿ ಕಾಲನ್ನು ಹೊರಗೆ ತೆಗೆದ. ಮಂಡಿಯ ಹೊರಬದಿಯಲ್ಲಿ ಚರ್ಮ ಕಪ್ಪಿಟ್ಟು ಗಟ್ಟಿಯಾಗಿತ್ತು. ಎಲ್ಲಿ ನೋವೆಂದು ಕಣ್ಣಿಗೇ ಕಾಣುತ್ತಿತ್ತು, ಆದರೂ ಕಾಲಣ್ಣ ಅವನ ಮುಂದೆ ನೆಲದ ಮೇಲೆ ಕೂತು, ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಎಲ್ಲೆಲ್ಲಿ ನೋಯುತ್ತೆ, ನೀವೇ ಬೆರಳಿಟ್ಟು ತೋರಿಸಿ" ಎಂದ. "ಅವಸರ ಇಲ್ಲ."